ತೈಲ ಮತ್ತು ಅನಿಲ ಕಂಪನಿ ತನ್ನ ಇಂಗಾಲ ಇಳಿಸುವುದು ಹೇಗೆ: ಮೊದಲು ಸೋರಿಕೆ, ಆಮೇಲೆ ಉಳಿದದ್ದು

ಗುರಿ ಘೋಷಿಸುವ ಮೊದಲು ಲೆಕ್ಕದ ಗಡಿ ಗುರುತಿಸಿ. ಸ್ವಂತ ಬಾವಿ, ಕಂಪ್ರೆಸರ್ (ಅನಿಲ ಒತ್ತುವ ಯಂತ್ರ), ಫ್ಲೇರ್ (ಬೇಡದ ಅನಿಲ ಸುಡುವ ಜ್ವಾಲೆ), ಕುಲುಮೆಗಳಿಂದ ಹೊರಡುವ ಹಸಿರುಮನೆ ಅನಿಲ ಸ್ಕೋಪ್ 1, ಅಂದರೆ ಲೆಕ್ಕದ ಮೊದಲ ವಿಭಾಗ. ಕೊಂಡ ವಿದ್ಯುತ್ತು, ಹಬೆಯ ಪಾಲು ಸ್ಕೋಪ್ 2. ಉಳಿದದ್ದು ಸ್ಕೋಪ್ 3. ಅದರಲ್ಲಿ ದೊಡ್ಡದು, ಮಾರಿದ ಇಂಧನವನ್ನು ಗಿರಾಕಿ ಸುಟ್ಟಾಗ ಬರುವ ಹೊಗೆ. ತಾನು ನಡೆಸುವ ಸ್ಥಾವರಗಳನ್ನಷ್ಟೇ ಎಣಿಸುವುದೋ, ಬಂಡವಾಳದ ಪಾಲಿರುವ ಎಲ್ಲವನ್ನೂ ಎಣಿಸುವುದೋ ಎಂಬುದನ್ನೂ ಆಗಲೇ ಬರೆದಿಡಿ. ಹಳೆಯ ತೈಲಕ್ಷೇತ್ರವೊಂದನ್ನು ಮಾರಿದರೆ ಆಧಾರ ವರ್ಷದ (ಕಡಿತವನ್ನು ಹೋಲಿಸಿ ನೋಡುವ ವರ್ಷದ) ಅಂಕಿಯಿಂದಲೂ ಅದರ ಪಾಲನ್ನು ಕಳೆಯಿರಿ. ಇಲ್ಲದಿದ್ದರೆ ಕಾಗದದ ಮೇಲೆ ಮಾತ್ರ ಕಡಿತವಾಗುತ್ತದೆ. ಹೊಸ ಮಾಲೀಕನ ಕೈಯಲ್ಲಿ ಆ ಬಾವಿ ಮೊದಲಿನಷ್ಟೇ ಸೋರುತ್ತಿರುತ್ತದೆ.

ಅಳೆಯದೆ ದುರಸ್ತಿಗೆ ಇಳಿಯಬೇಡಿ

ಸೋರುವುದು ಮುಖ್ಯವಾಗಿ ಮೀಥೇನ್, ನೈಸರ್ಗಿಕ ಅನಿಲದ ಮುಖ್ಯ ಅಂಶ. ಹೆಚ್ಚಿನ ಕಂಪನಿಗಳ ಮೀಥೇನ್ ಲೆಕ್ಕ ಹುಟ್ಟುವುದು ಎಕ್ಸೆಲ್ ಹಾಳೆಯಲ್ಲಿ: ಇಷ್ಟು ವಾಲ್ವ್, ಇಷ್ಟು ಫ್ಲಾಂಜ್ (ಕೊಳವೆ ಜೋಡಿಸುವ ಬಿಲ್ಲೆ), ಒಂದೊಂದಕ್ಕೂ ಇಷ್ಟು ಗ್ರಾಂ ಎಂಬ ಸರಾಸರಿ ಗುಣಾಂಕ. ಆದರೆ ಸೋರಿಕೆ ಸರಾಸರಿಯಂತೆ ಹಂಚಿಕೊಂಡಿರುವುದಿಲ್ಲ. ಅತಿ ದೊಡ್ಡ 5% ಸೋರಿಕೆಗಳೇ ಒಟ್ಟು ಪ್ರಮಾಣದ ಅರ್ಧಕ್ಕಿಂತ ಹೆಚ್ಚನ್ನು ಹೊರಬಿಡುತ್ತವೆ. ತೆರೆದೇ ಉಳಿದ ಟ್ಯಾಂಕ್ ಮುಚ್ಚಳವೊಂದು ನೂರಾರು ಫ್ಲಾಂಜ್‌ಗಳ ಸೋರಿಕೆಯನ್ನು ಮೀರಿಸಬಹುದು. ಗುಣಾಂಕದ ಹಾಳೆಯಲ್ಲಿ ಅದು ಕಾಣುವುದೇ ಇಲ್ಲ. 2020ರಲ್ಲಿ ಹೊಸ ರೂಪ ಪಡೆದ ಒಜಿಎಂಪಿ 2.0 ಎಂಬ ಮೀಥೇನ್ ವರದಿಯ ಅಂತರರಾಷ್ಟ್ರೀಯ ಚೌಕಟ್ಟಿನಲ್ಲಿ ಐದು ಹಂತಗಳಿವೆ. ಕೊನೆಯ ಹಂತದಲ್ಲಿ ಉಪಕರಣವಾರು ಲೆಕ್ಕವನ್ನು ಇಡೀ ಸ್ಥಾವರದ ಮೇಲಿನ ಅಳತೆಯೊಂದಿಗೆ ತಾಳೆ ನೋಡಬೇಕು. ಡ್ರೋನ್, ವಿಮಾನ ಅಥವಾ ಉಪಗ್ರಹದ ಅಂಕಿ ನಿಮ್ಮ ಹಾಳೆಯ ಅಂಕಿಯ ಎರಡು ಪಟ್ಟು ಬಂದರೆ ಅಳೆದ ಉಪಕರಣವನ್ನು ಬೈಯುವ ಮುನ್ನ ಟ್ಯಾಂಕ್‌ಗಳನ್ನೂ ಫ್ಲೇರ್‌ಗಳನ್ನೂ ನೋಡಿ ಬನ್ನಿ.

ನೆಲದ ಮೇಲಿನ ತಪಾಸಣೆಗೆ ಅತಿಗೆಂಪು ಕ್ಯಾಮೆರಾ ಹಿಡಿದು ಮೂರು ತಿಂಗಳಿಗೊಮ್ಮೆ ಸುತ್ತುವುದು ಒಳ್ಳೆಯ ಆರಂಭ. ಗಾಳಿ ಜೋರಾಗಿದ್ದ ದಿನ, ಅನಿಲಕ್ಕೂ ಹಿನ್ನೆಲೆಗೂ ಉಷ್ಣಾಂಶದ ವ್ಯತ್ಯಾಸ ಕಡಿಮೆ ಇದ್ದ ದಿನ ಸಣ್ಣ ಸೋರಿಕೆ ಕಣ್ಣಿಗೆ ಬೀಳದು. ಅಂಥ ದಿನದ ‘ಸೋರಿಕೆ ಇಲ್ಲ’ ಎಂಬ ವರದಿಯನ್ನು ನಂಬಬೇಡಿ. ದುರಸ್ತಿಯಾದ ಮೇಲೆ ಅದೇ ಜಾಗವನ್ನು ಮತ್ತೆ ನೋಡುವ ಕೆಲಸ ಯಾರದ್ದು ಎಂದು ಹೆಸರು ಬರೆಯಿರಿ.

ಸೋರಿಕೆ ಮುಚ್ಚುವುದು

ಮೀಥೇನ್‌ನಿಂದಲೇ ಶುರು ಮಾಡಲು ಕಾರಣ ಸರಳ. 100 ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಬಿಸಿ ಮಾಡುವ ಪರಿಣಾಮ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ನ ಸುಮಾರು 28 ಪಟ್ಟು, 20 ವರ್ಷದ ಲೆಕ್ಕದಲ್ಲಿ 80 ಪಟ್ಟು ಮೀರುತ್ತದೆ. ಜೊತೆಗೆ, ಹಿಡಿದಿಟ್ಟರೆ ಅದು ಮಾರುವ ಸರಕು.

ಅನಿಲದ ಒತ್ತಡದಿಂದ ನಡೆಯುವ ನ್ಯೂಮ್ಯಾಟಿಕ್ ಕಂಟ್ರೋಲರ್‌ಗಳನ್ನು (ವಾಲ್ವ್ ನಿಯಂತ್ರಿಸುವ ಸಾಧನಗಳನ್ನು) ಮೊದಲು ಎಣಿಸಿ. ಗಂಟೆಗೆ 0.17 ಘನ ಮೀಟರ್‌ಗಿಂತ ಹೆಚ್ಚು ಬಿಡುವುದನ್ನು ‘ಹೈ ಬ್ಲೀಡ್’ ಎನ್ನುತ್ತಾರೆ. ಆ ಮಿತಿಯಲ್ಲೇ ನಿಂತ ಒಂದು ಕಂಟ್ರೋಲರ್ ಕೂಡ ವರ್ಷಕ್ಕೆ ಸುಮಾರು 1,500 ಘನ ಮೀಟರ್, ಅಂದರೆ ಸುಮಾರು 1 ಟನ್ ಮೀಥೇನ್ ಬಿಡುತ್ತದೆ. ವಿದ್ಯುತ್ ಇರುವಲ್ಲಿ ಸಂಕುಚಿತ ಗಾಳಿಗೆ ಬದಲಿಸಿ. ದೂರದ ಬಾವಿಗಳಿಗೆ ಸೌರ ಫಲಕ, ಬ್ಯಾಟರಿಯ ಜೊತೆ ವಿದ್ಯುತ್ ಆಕ್ಚುಯೇಟರ್ (ವಾಲ್ವ್ ತೆರೆದು ಮುಚ್ಚುವ ಸಾಧನ) ಸಾಕು. ರೆಸಿಪ್ರೊಕೇಟಿಂಗ್ (ಪಿಸ್ಟನ್‌ನ) ಕಂಪ್ರೆಸರ್‌ನಲ್ಲಿ ಪಿಸ್ಟನ್ ದಂಡದ ಸುತ್ತಲಿನ ಸೀಲ್, ಅಂದರೆ ರಾಡ್ ಪ್ಯಾಕಿಂಗ್, ಸವೆದಂತೆ ಸೋರಿಕೆ ಏರುತ್ತದೆ. 26,000 ಗಂಟೆ ಅಥವಾ ಮೂರು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ, ಆದರೆ ಸೋರಿಕೆಯ ಹರಿವನ್ನೇ ಅಳೆದು ನಿರ್ಧರಿಸುವುದು ಲೇಸು. ಸೆಂಟ್ರಿಫ್ಯೂಗಲ್ (ತಿರುಗುವ ಚಕ್ರದ) ಕಂಪ್ರೆಸರ್‌ನಲ್ಲಿ ತೈಲದ ಸೀಲ್ ಇದ್ದರೆ ಆ ತೈಲ ಹೀರಿದ ಅನಿಲ ಡೀಗ್ಯಾಸಿಂಗ್ ಕೊಳವೆಯಿಂದ ಹೊರಬೀಳುತ್ತಿರುತ್ತದೆ. ಅದನ್ನು ಇಂಧನ ಮಾರ್ಗಕ್ಕೆ ತಿರುಗಿಸಿ, ಇಲ್ಲವೇ ತೈಲ ಬೇಡದ ಡ್ರೈ ಸೀಲ್ ಹಾಕಿ. ಕೊಳವೆಮಾರ್ಗದ ದುರಸ್ತಿಗೆ ಮೊದಲು ಒಳಗಿನ ಅನಿಲವನ್ನು ಗಾಳಿಗೆ ಬಿಡದೆ ಸಂಚಾರಿ ಕಂಪ್ರೆಸರ್‌ನಿಂದ ಪಕ್ಕದ ಭಾಗಕ್ಕೆ ತಳ್ಳಿ.

ಟ್ಯಾಂಕ್‌ಗೆ ಆವಿ ಮರಳಿಸುವ ಘಟಕ ಕೂರಿಸುವಾಗ ಮಾಮೂಲಿ ತಪ್ಪೊಂದಿದೆ: ದಿನದ ಸರಾಸರಿ ಹರಿವಿಗೆ ಗಾತ್ರ ಹಾಕುವುದು. ಸೆಪರೇಟರ್ (ತೈಲದಿಂದ ಅನಿಲ ಬೇರ್ಪಡಿಸುವ ಪಾತ್ರೆ) ತೈಲ ಸುರಿಯುವ ಕೆಲವೇ ನಿಮಿಷಗಳಲ್ಲಿ ಆವಿ ಒಮ್ಮೆಲೇ ಏಳುತ್ತದೆ. ಘಟಕಕ್ಕೆ ತಾಳಲಾಗದೆ ಟ್ಯಾಂಕ್ ಮುಚ್ಚಳ ಎದ್ದು ಎಲ್ಲವೂ ಹೊರಗೆ.

ಫ್ಲೇರ್

ಅನಿಲವನ್ನು ಮಾರುಕಟ್ಟೆಗೆ ಸಾಗಿಸುವುದು, ಬಾವಿಗೆ ಮರಳಿ ತುಂಬುವುದು, ಸ್ಥಳದಲ್ಲೇ ವಿದ್ಯುತ್ ಮಾಡುವುದು: ನೋಡಬೇಕಾದ ಕ್ರಮ ಇದೇ. 2015ರಲ್ಲಿ ವಿಶ್ವ ಬ್ಯಾಂಕ್ ಶುರು ಮಾಡಿದ ಉಪಕ್ರಮ 2030ರ ಹೊತ್ತಿಗೆ ವಾಡಿಕೆಯ ಫ್ಲೇರಿಂಗ್ ನಿಲ್ಲಬೇಕೆನ್ನುತ್ತದೆ. ಸುರಕ್ಷತೆಗಾಗಿ ಉಳಿಯುವ ಜ್ವಾಲೆ ಚೆನ್ನಾಗಿ ಉರಿಯಬೇಕು. ಫ್ಲೇರ್‌ಗೆ ಬಂದ ಮೀಥೇನ್‌ನಲ್ಲಿ 98% ಉರಿಯುತ್ತದೆ ಎಂದು ಲೆಕ್ಕದಲ್ಲಿ ಎಲ್ಲರೂ ಬರೆಯುತ್ತಾರೆ. ಅಮೆರಿಕದ ಮೂರು ತೈಲ ಪ್ರದೇಶಗಳ ಮೇಲೆ ವಿಮಾನದಿಂದ ಅಳೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಕ್ಕದ್ದು, ಆರಿಹೋದ ಫ್ಲೇರ್‌ಗಳೂ ಸೇರಿ, ಸುಮಾರು 91%. ವ್ಯತ್ಯಾಸ ಸಣ್ಣದೆನಿಸಿದರೆ ಗುಣಿಸಿ ನೋಡಿ. 100 ಕಿಲೋ ಮೀಥೇನ್‌ನಲ್ಲಿ 98 ಉರಿದರೆ ಒಟ್ಟು ಪರಿಣಾಮ ಸುಮಾರು 325 ಕಿಲೋ ಡೈಆಕ್ಸೈಡ್‌ಗೆ ಸಮ. 91 ಉರಿದರೆ ಸುಮಾರು 500.

ಜ್ವಾಲೆ ಕೆಡುವುದಕ್ಕೆ ಮುಖ್ಯ ಕಾರಣಗಳು: ಪೈಲಟ್ (ಸದಾ ಉರಿಯಬೇಕಾದ ಸಣ್ಣ ಹೊತ್ತಿಸುವ ಜ್ವಾಲೆ) ಆರಿರುವುದು, ಹೊಗೆ ಕಾಣಬಾರದೆಂದು ಹಬೆಯನ್ನು ಅತಿಯಾಗಿ ಊದುವುದು, ಸಾರಜನಕ ಬೆರೆತು ಅನಿಲದ ಉಷ್ಣಮೌಲ್ಯ ಕುಸಿಯುವುದು. ಪೈಲಟ್‌ಗೆ ಥರ್ಮೋಕಪಲ್ (ಉಷ್ಣಾಂಶ ಅಳೆಯುವ ಸಂವೇದಕ) ಹಾಕಿ ಕಂಟ್ರೋಲ್ ರೂಮಿನಲ್ಲಿ ಎಚ್ಚರಿಕೆ ಮೊಳಗುವಂತೆ ಮಾಡಿ.

ಯಂತ್ರಗಳ ಇಂಧನ

ಸಮುದ್ರದ ವೇದಿಕೆಗಳಲ್ಲಿ ಎರಡು ಗ್ಯಾಸ್ ಟರ್ಬೈನ್‌ಗಳು ಅರ್ಧರ್ಧ ಹೊರೆಯಲ್ಲಿ ಓಡುವುದು ಸಾಮಾನ್ಯ. ಒಂದು ನಿಂತರೆ ಇನ್ನೊಂದಿರಲಿ ಎಂಬ ಭಯ. ಅರ್ಧ ಹೊರೆಯಲ್ಲಿ ದಕ್ಷತೆ ಬೀಳುತ್ತದೆ. ಆ ಹೊಣೆಯನ್ನು ಬ್ಯಾಟರಿಗೆ ಕೊಟ್ಟು ಒಂದನ್ನು ನಿಲ್ಲಿಸಿ. ದಡದಿಂದ ಕೇಬಲ್ ಎಳೆಯುವುದು ಇನ್ನೂ ದೊಡ್ಡ ಹೆಜ್ಜೆ: ನಾರ್ವೆಯ ಟ್ರೋಲ್ ಎ ವೇದಿಕೆ 1996ರಿಂದ ಹಾಗೆ ನಡೆದಿದೆ. ಆದರೆ ದಡದ ವಿದ್ಯುತ್ತು ಕಲ್ಲಿದ್ದಲಿನದಾದರೆ ಹೊಗೆ ಜಾಗ ಬದಲಿಸಿತು, ಅಷ್ಟೇ.

ನೆಲದಡಿ ಹೂಳುವುದು

ಬಾವಿಯಿಂದಲೇ ಬರುವ, ಅಮೈನ್ ಘಟಕದಲ್ಲಿ (ರಾಸಾಯನಿಕ ದ್ರವದಿಂದ ಅನಿಲ ಶುದ್ಧಮಾಡುವಲ್ಲಿ) ಹೇಗೂ ಬೇರ್ಪಡಿಸುವ ಡೈಆಕ್ಸೈಡ್‌ನಿಂದ ಶುರು ಮಾಡಿ. ಅದು ಹೆಚ್ಚುಕಡಿಮೆ ಶುದ್ಧ. ಟರ್ಬೈನ್ ಹೊಗೆಯಲ್ಲಿ ಇರುವುದು 3–4% ಮಾತ್ರ, ಹಿಡಿಯುವುದು ದುಬಾರಿ. ಮೊದಲು ನೀರಿನಂಶ ತೆಗೆಯಿರಿ. ಒದ್ದೆ ಡೈಆಕ್ಸೈಡ್ ಕಾರ್ಬನ್ ಸ್ಟೀಲ್ ಕೊಳವೆಯನ್ನು ತಿನ್ನುತ್ತದೆ. 74 ಬಾರ್ ಮೀರಿ ಒತ್ತಿ, 800 ಮೀಟರ್‌ಗಿಂತ ಆಳಕ್ಕೆ ಇಳಿಸಿ. ನಾರ್ವೆಯ ಸ್ಲೈಪ್ನರ್ ಅನಿಲಕ್ಷೇತ್ರ 1996ರಿಂದ ಇದನ್ನೇ ಮಾಡುತ್ತಿದೆ. ಆಸ್ಟ್ರೇಲಿಯಾದ ಗೋರ್ಗನ್ ಅನಿಲ ಯೋಜನೆಯಲ್ಲಿ ಪದರದ ಒತ್ತಡ ಇಳಿಸಲು ನೀರೆತ್ತುವ ವ್ಯವಸ್ಥೆ ಮರಳಿನಿಂದ ಕಟ್ಟಿಕೊಂಡಿತು. ತುಂಬಿದ ಪ್ರಮಾಣ ಯೋಜಿಸಿದ್ದಕ್ಕಿಂತ ಬಹಳ ಕಡಿಮೆಯಾಯಿತು. ಬಂಡೆಯ ಪದರ ಎಷ್ಟು ವೇಗದಲ್ಲಿ ನುಂಗುತ್ತದೆ ಎಂಬುದು ಕಂಪ್ರೆಸರ್‌ಗಿಂತ ಮುಖ್ಯ.

ಉಳಿದ ದೊಡ್ಡ ಪಾಲು

ಇಷ್ಟೆಲ್ಲ ಮಾಡಿದರೂ ಒಂದು ಬ್ಯಾರೆಲ್ ತೈಲ ಸುಟ್ಟಾಗ ಸುಮಾರು 430 ಕಿಲೋ ಡೈಆಕ್ಸೈಡ್ ಹೊರಡುತ್ತದೆ. ಅದನ್ನು ಇಳಿಸಲು ಮಾರುವ ತೈಲ, ಅನಿಲವೇ ಕಡಿಮೆಯಾಗಬೇಕು. ವಾಲ್ವ್ ಬದಲಿಸಿ ಆಗುವ ಕೆಲಸವಲ್ಲ. ಇಲ್ಲಿ ಹಲವರು ಬ್ಯಾರೆಲ್‌ವಾರು ತೀವ್ರತೆಯ, ಅಂದರೆ ಪ್ರತಿ ಬ್ಯಾರೆಲ್‌ಗೆ ಎಷ್ಟು ಹೊರಸೂಸುವಿಕೆ ಎಂಬುದರ ಗುರಿಗೆ ಜಾರುತ್ತಾರೆ. ತೀವ್ರತೆ 20% ಇಳಿದು ಉತ್ಪಾದನೆ 30% ಏರಿದರೆ ಒಟ್ಟು ಹೊರಸೂಸುವಿಕೆ 4% ಹೆಚ್ಚಾಗಿರುತ್ತದೆ. ವಾರ್ಷಿಕ ವರದಿಯಲ್ಲಿ ಎರಡೂ ಅಂಕಿಗಳನ್ನು ಅಕ್ಕಪಕ್ಕದಲ್ಲೇ ಅಚ್ಚು ಹಾಕಿಸಿ.