ಯಾರ ಮೂತ್ರಮ್ಮ ಇದು?

ಹಾರ್ಮೋನುಗಳು ಕಿಡ್ನಿಯನ್ನು ಹೇಗೆ ನಡೆಸುತ್ತವೆ ಎಂಬುದು ನನ್ನ ಪಿಎಚ್‌ಡಿ ವಿಷಯ. ಮೊದಲ ವರ್ಷ ನನ್ನ ಲ್ಯಾಪ್‌ಟಾಪಿನಲ್ಲಿ, ಓದಿದ ಪೇಪರುಗಳಿಗಾಗಿ, ಹಾರ್ಮೋನಿಗೊಂದು ಫೋಲ್ಡರ್ ಇತ್ತು. ವಾಸೊಪ್ರೆಸಿನ್, ಅಲ್ಡೋಸ್ಟೆರಾನ್, ಆಂಜಿಯೊಟೆನ್ಸಿನ್, ಹೀಗೆ. ನೋಡೋಕೆ ಅಚ್ಚುಕಟ್ಟು, ಬರೆಯಲು ಕೂತರೆ ಗೊಂದಲ. ಆಂಜಿಯೊಟೆನ್ಸಿನ್-2 ಒಂದನ್ನೇ ತಗೊಳ್ಳಿ. ಕಿಡ್ನಿಯಲ್ಲಿ ರಕ್ತ ಸೋಸುವ ನಾಳಗಳ ಗೊಂಚಲಾದ ಗ್ಲೊಮೆರುಲಸ್‌ನಿಂದ ರಕ್ತ ಹೊರಹೋಗುವ ಸಣ್ಣ ನಾಳವನ್ನು ಅದು ಬಿಗಿ ಮಾಡುತ್ತದೆ. ಅದರ ನಂತರದ ಮೊದಲ ಕೊಳವೆಯಲ್ಲಿ ಸೋಡಿಯಂ ವಾಪಸ್ ಎಳೆಸುತ್ತದೆ. ಅಡ್ರಿನಲ್ ಗ್ರಂಥಿಯಿಂದ ಸೋಡಿಯಂ ಉಳಿಸುವ ಅಲ್ಡೋಸ್ಟೆರಾನನ್ನೂ ಬಿಡಿಸುತ್ತದೆ. ಹೀಗಾಗಿ ಒಂದೇ ಪೇಪರ್ ಮೂರು ಫೋಲ್ಡರಿನಲ್ಲಿ, ಮೂರು ಹೆಸರಿನಲ್ಲಿ!

ಕೊನೆಗೆ ಹಳೇ ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ನೆಫ್ರಾನ್, ಅಂದರೆ ಕಿಡ್ನಿಯಲ್ಲಿ ಮೂತ್ರ ತಯಾರಿಸುವ ಸಣ್ಣ ಕೊಳವೆ, ಬರೆದೆ. ಗ್ಲೊಮೆರುಲಸ್‌ನಿಂದ ಮೂತ್ರ ಸೇರುವ ಕೊನೆಯ ಕೊಳವೆಯಾದ ಕಲೆಕ್ಟಿಂಗ್ ಡಕ್ಟ್‌ವರೆಗೆ, ಬಸ್ ರೂಟಿನ ಹಾಗೆ. ದಿನಕ್ಕೆ ಸುಮಾರು 180 ಲೀಟರ್ ಸೋಸಿ ಬರುತ್ತದೆ, ಮೂತ್ರವಾಗಿ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದು ಯಾವ ನಿಲ್ದಾಣದಲ್ಲಿ ಇಳಿಯಿತು, ಯಾರು ಇಳಿಸಿದರು? ನನ್ನ ಟಿಪ್ಪಣಿಗಳೆಲ್ಲ ಇದರ ಲೆಕ್ಕವೇ ಅಲ್ವಾ? ಹಾಗಾಗಿ ಒಂದು ಚೀಟಿಗೆ ಒಂದೇ ಮಾತು ಬರೆದು, ಅದು ನಡೆಯುವ ಜಾಗದಲ್ಲೇ ಅಂಟಿಸಿದೆ.

ಆದರೂ ಮೊದಲ ಸೆಮಿನಾರಿನಲ್ಲಿ ಮಾನ ಹೋಯಿತು. ಮೂತ್ರ ಹತ್ತಿರಹತ್ತಿರ 3000 ಮಿಲಿಆಸ್ಮೋಲ್‌ವರೆಗೂ (ಕರಗಿದ ಕಣಗಳ ಅಳತೆ) ಗಟ್ಟಿಯಾಗುತ್ತದೆ ಅಂದೆ. ಗೈಡ್ ಕನ್ನಡಕ ತೆಗೆದು, "ಯಾರ ಮೂತ್ರಮ್ಮ ಇದು?" ಅಂದರು. ಅದು ಇಲಿಯದು. ಮನುಷ್ಯರದು 1200ರ ಹತ್ತಿರ ನಿಲ್ಲುತ್ತದೆ. ಅವತ್ತು ರಾತ್ರಿಯೇ ಚೀಟಿಗಳನ್ನೆಲ್ಲ ಎಕ್ಸೆಲ್ ಶೀಟಿಗೂ ಹಾಕಿ, "ಯಾವ ಪ್ರಾಣಿ" ಎಂಬ ಕಾಲಮ್ ಸೇರಿಸಿದೆ.

ಆಮೇಲೆ "ಎಷ್ಟು ಹೊತ್ತಿಗೆ" ಅಂತ ಇನ್ನೊಂದು ಕಾಲಮ್ ಬಂತು. ನೀರು ಉಳಿಸುವ ವಾಸೊಪ್ರೆಸಿನ್ ತಗುಲಿದ ಕೆಲವೇ ನಿಮಿಷಗಳಲ್ಲಿ ಕೋಶದೊಳಗಿನ ಅಕ್ವಾಪೊರಿನ್-2 ಎಂಬ ನೀರಿನ ಬಾಗಿಲುಗಳು ಪೊರೆಗೆ ಬಂದು ಕೂರುತ್ತವೆ. ಅಲ್ಡೋಸ್ಟೆರಾನ್ ಮುಖ್ಯವಾಗಿ ಜೀನುಗಳ ಮೂಲಕ ಕೆಲಸ ಮಾಡಿಸುವುದರಿಂದ ಅದಕ್ಕೆ ಗಂಟೆಗಳೇ ಬೇಕು. ಅಲ್ಡೋಸ್ಟೆರಾನ್ ಕೊಟ್ಟು ಇಪ್ಪತ್ತು ನಿಮಿಷ ನೋಡಿ "ಏನೂ ಆಗಲಿಲ್ಲ" ಎಂದವರಿಗೂ ನಾಲ್ಕು ಗಂಟೆ ಕಾದವರಿಗೂ ಜಗಳವೇ ಇಲ್ಲ. ನಾನೇ ಸುಮ್ನೆ ಜಗಳ ಹಚ್ಚಿದ್ದೆ.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಒತ್ತಡದ ಹಾರ್ಮೋನಾದ ಕಾರ್ಟಿಸಾಲ್. ಹಳೇ ಪದ್ಧತಿಯಲ್ಲಿ ಅದಕ್ಕೆ ಕಿಡ್ನಿಯ ಕಡೆ ಫೋಲ್ಡರೇ ಇರಲಿಲ್ಲ. ಈಗ ಕಲೆಕ್ಟಿಂಗ್ ಡಕ್ಟ್ ಹತ್ತಿರ ಎರಡು ಚೀಟಿ ಅಕ್ಕಪಕ್ಕ ಬಂದವು. ಅಲ್ಡೋಸ್ಟೆರಾನ್ ಹೋಗಿ ಕೂರುವ ಗ್ರಾಹಕಕ್ಕೆ (ರಿಸೆಪ್ಟರ್) ಕಾರ್ಟಿಸಾಲ್ ಕೂಡ ಅಷ್ಟೇ ಗಟ್ಟಿಯಾಗಿ ಅಂಟುತ್ತದೆ, ಅಂತ ಒಂದು. ರಕ್ತದಲ್ಲಿ ಅಲ್ಡೋಸ್ಟೆರಾನಿಗಿಂತ ಕಾರ್ಟಿಸಾಲ್ ಎಷ್ಟೋ ಪಟ್ಟು ಜಾಸ್ತಿ, ಅಂತ ಇನ್ನೊಂದು. ಹಾಗಾದರೆ ಕಿಡ್ನಿ ಅಲ್ಡೋಸ್ಟೆರಾನಿನ ಮಾತನ್ನೇ ಕೇಳುವುದು ಹೇಗೆ? ಆ ಕೋಶದಲ್ಲಿ 11-ಬೀಟಾ-ಎಚ್‌ಎಸ್‌ಡಿ-2 ಎಂಬ ಕಿಣ್ವವೊಂದು ಕಾವಲು ಕಾಯುತ್ತದೆ. ಬಂದ ಕಾರ್ಟಿಸಾಲನ್ನು ಗ್ರಾಹಕಕ್ಕೆ ಅಂಟದ ಕಾರ್ಟಿಸೋನ್ ಮಾಡಿಬಿಡುತ್ತದೆ. ಅತಿಮಧುರದಲ್ಲಿರುವ ಅಂಶ ಇದೇ ಕಾವಲುಗಾರನ ಕೈ ಕಟ್ಟುತ್ತದೆ. ದಿನವೂ ಅತಿಯಾಗಿ ತಿಂದವರಿಗೆ ಬಿಪಿ ಏರಿ ಪೊಟ್ಯಾಸಿಯಂ ಇಳಿಯುವುದು ಅದಕ್ಕೇ. ನಮ್ಮಜ್ಜಿ ಕೆಮ್ಮಿಗೆ ಅಗಿಯಲು ಕೊಡುತ್ತಿದ್ದ ಕಡ್ಡಿಯೂ ಅದೇ, ಪಾಪ, ಒಂದು ಚೂರು ಅಷ್ಟೇ. ಅಂದ ಹಾಗೆ ಇಲಿಯಲ್ಲಿ ಕಾರ್ಟಿಸಾಲಿನ ಜಾಗದಲ್ಲಿರುವುದು ಕಾರ್ಟಿಕೋಸ್ಟೆರಾನ್. ಪ್ರಾಣಿಯ ಕಾಲಮ್ ಇಲ್ಲದಿದ್ದರೆ ಇಲ್ಲೂ ಎಡವುತ್ತಿದ್ದೆ.

ಎಲ್ಲ ಚೀಟಿಗೂ ಜಾಗ ಸಿಗಲಿಲ್ಲ. 1981ರಲ್ಲಿ ಡಿ ಬೋಲ್ಡ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇಲಿಯ ಹೃದಯದ ಮೇಲಿನ ಕೋಣೆಗಳ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಮೂತ್ರವೂ ಸೋಡಿಯಮ್ಮೂ ಜೋರಾಗಿ ಹೊರಬಂದವು. ದೊಡ್ಡ ಸುದ್ದಿ, ನಿಜ. ಆದರೆ ಇಡೀ ಪ್ರಾಣಿಯ ಮೂತ್ರ ಅಳೆದರೆ ಕೊಳವೆಯ ಯಾವ ತುಂಡು ಬದಲಾಯಿತು ಅಂತ ಗೊತ್ತಾಗುವುದಿಲ್ಲ. ಇಂಥವನ್ನು ಊಹಿಸಿ ಅಂಟಿಸುವ ಆಸೆಯಾಗುತ್ತದೆ, ನಾನು ಅಂಟಿಸಲಿಲ್ಲ. ಕ್ಯಾಲೆಂಡರಿನ ಕೆಳಗೆ "ಊರಿಲ್ಲದವರು" ಅಂತ ಒಂದು ಸಾಲು ಮಾಡಿದ್ದೇನೆ. ಸದ್ಯ ಅಲ್ಲಿ ಹದಿನಾಲ್ಕು ಚೀಟಿಗಳಿವೆ. ಫ್ಯಾನ್ ಹಾಕಿದರೆ ಎರಡು ಉದುರುತ್ತವೆ, ಗಮ್ ತರಬೇಕು.