ಮರಿಗಳು ಕುಕ್ಕಾಡುತ್ತಿವೆಯೇ? ಮೊದಲು ಗೂಡು ನೋಡಿ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಸ್ವರ್ಣಧಾರಾ ತಳಿಯ ಕೋಳಿಮರಿಗಳನ್ನು ತಂದು ಬಲ್ಬಿನ ಕಾವಿನಲ್ಲಿ ಸಾಕುವವರು ಈಗ ಊರೂರಲ್ಲಿದ್ದಾರೆ. ತಾಯಿಕೋಳಿಯಿಲ್ಲದ ಈ ಮರಿಗಳಲ್ಲಿ ಕುಕ್ಕಾಟ ಶುರುವಾದರೆ ಒಂದೆರಡು ದಿನದಲ್ಲೇ ಸಾವು ಕಾಣಬೇಕಾಗುತ್ತದೆ.

ಎರಡು–ಮೂರು ವಾರದ ಮರಿಗಳು ಎದೆಗೆದೆ ಕೊಟ್ಟು ಹಾರಿದರೆ ಹೆದರಬೇಡಿ. ಗುಂಪಿನಲ್ಲಿ ಯಾರ ಜಾಗ ಯಾವುದೆಂದು ತೀರ್ಮಾನವಾಗುತ್ತಿದೆ, ಅಷ್ಟೇ. ಆದರೆ ಒಂದೇ ಮರಿಯ ಬೆನ್ನುಬಿದ್ದು ಕಾಲ್ಬೆರಳು, ಬಾಲದ ಬುಡ, ಗುದದ್ವಾರ ಕುಕ್ಕುತ್ತಿದ್ದರೆ ತಡಮಾಡುವಂತಿಲ್ಲ.

ಗಾಯವಾದ ಮರಿಯನ್ನು ಕೂಡಲೇ ಎತ್ತಿಕೊಳ್ಳಿ. ಕೆಂಪು ಕಂಡರೆ ಉಳಿದವೂ ಅಲ್ಲಿಗೇ ಮುಗಿಬೀಳುತ್ತವೆ. ಕುದಿಸಿ ಆರಿಸಿದ ನೀರಿನಲ್ಲಿ ಗಾಯ ತೊಳೆದು ಜೆನ್ಷಿಯನ್ ವಯೊಲೆಟ್ ಹಚ್ಚಿ; ಅದರ ನೀಲಿ ಬಣ್ಣ ರಕ್ತದ ಕೆಂಪನ್ನು ಮರೆಸುತ್ತದೆ. ಗುಂಪಿಗೆ ಕಾಣುವಂತೆ ಜಾಲರಿಯ ಆಚೆ, ಬೆಚ್ಚಗೆ ಇಡಿ.

ಮುಂದಿನದು ಕಾವು. ನನ್ನ ಪ್ರಕಾರ ಅರ್ಧ ಜಗಳದ ಮೂಲ ಇಲ್ಲೇ ಇದೆ. ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನಡಿ ಒತ್ತೊತ್ತಾಗಿ ಕೂತರೆ ಚಳಿ, ರೆಕ್ಕೆ ಇಳಿಬಿಟ್ಟು ಬಾಯಿ ತೆರೆದು ದೂರ ಸರಿದರೆ ಸೆಕೆ. ಸೆಕೆಯಲ್ಲಿ ಕುಕ್ಕಾಟ ಹೆಚ್ಚುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಹಗಲು ಬಲ್ಬ್ ಆರಿಸಲೇಬೇಕು. ಕಣ್ಣು ಕೋರೈಸುವ ಬಿಳಿ ಬೆಳಕೂ ಬೇಡ, ಕೆಂಪು ಬಲ್ಬ್ ಹಾಕಿ.

ಜಾಗ ಅಳೆಯಿರಿ. ನಾಲ್ಕು ವಾರದವರೆಗೆ ಮರಿಗೆ ಅರ್ಧ ಚದರ ಅಡಿ, ಎಂಟು ವಾರದವರೆಗೆ ಒಂದು ಚದರ ಅಡಿ. 50 ಮರಿಗಳಿಗೆ ಮೊದಲಿಗೆ ಐದಡಿ ಉದ್ದ, ಐದಡಿ ಅಗಲ ಸಾಕು. ತಂದ ರಟ್ಟಿನ ಪೆಟ್ಟಿಗೆಯಲ್ಲೇ ವಾರಗಟ್ಟಲೆ ಇಡುವುದು ಮರಿಗಳಿಗೆ ಮಾಡುವ ಅನ್ಯಾಯ.

ಬರೀ ಅಕ್ಕಿನುಚ್ಚು ಹಾಕಿದರೆ ಪ್ರೋಟೀನ್ ಸಾಲದೆ ಒಂದರ ಗರಿ ಇನ್ನೊಂದು ಕಿತ್ತು ತಿನ್ನುತ್ತದೆ. ಶೇ 20ರಷ್ಟು ಪ್ರೋಟೀನ್ ಇರುವ ಮರಿ ಆಹಾರವನ್ನೇ ಕೊಡಿ. ಮೇವು, ನೀರು ಎರಡೆರಡು ಕಡೆ ಇದ್ದರೆ ಬಲವಾದ ಮರಿಗೆ ಎಲ್ಲವನ್ನೂ ಕಾಯಲಾಗದು. ನುಗ್ಗೆಸೊಪ್ಪಿನ ಕಟ್ಟನ್ನು ಕೊಕ್ಕಿಗೆ ಎಟುಕುವಂತೆ ನೇತುಹಾಕಿ. ಕುಕ್ಕುವ ಚಪಲಕ್ಕೆ ಅದೇ ಗುರಿಯಾಗುತ್ತದೆ.

ಇಷ್ಟಾದರೂ ಒಂದೇ ಮರಿ ಕಾಟ ಕೊಡುತ್ತಿದ್ದರೆ ಅದನ್ನೇ ಎರಡು–ಮೂರು ದಿನ ಹೊರಗಿಡಿ. ಮರಳಿದಾಗ ಅದರ ದರ್ಪ ತಗ್ಗಿರುತ್ತದೆ. ಗಾಯ ಮಾಗಿದ ಮರಿಯನ್ನು ಕತ್ತಲಾದ ಮೇಲೆ ಗುಂಪಿಗೆ ಬಿಡಿ. ಚಿಕ್ಕ ಮರಿ, ದೊಡ್ಡ ಮರಿ ಬೆರೆಸಬೇಡಿ. ಮನೆಯಲ್ಲಿ ಬ್ಲೇಡು, ಉಗುರು ಕತ್ತರಿಯಿಂದ ಕೊಕ್ಕು ಕತ್ತರಿಸುವ ಸಾಹಸವಂತೂ ಖಂಡಿತ ಬೇಡ.

ಗುದದ ಸುತ್ತ ಹಿಕ್ಕೆ ಅಂಟಿಕೊಂಡಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ತೆಗೆಯಿರಿ. ಭೇದಿ ನಿಲ್ಲದಿದ್ದರೆ, ಗರಿಯ ಬುಡದಲ್ಲಿ ಹೇನು ಕಂಡರೆ ಹತ್ತಿರದ ಪಶು ಆಸ್ಪತ್ರೆಗೆ ಮರಿಯನ್ನೇ ಒಯ್ದು ತೋರಿಸಿ.