ಒಂದು ಹಾಳೆ, ಒಂದು ಬೇಡಿಕೆ: ವಿಧಾನಸೌಧ ಸುತ್ತಿದ ನನ್ನ ಅನುಭವ

2022ರಲ್ಲಿ ತೀರ್ಥಹಳ್ಳಿಯ ನಮ್ಮ ಸೀಮೆಯಲ್ಲಿ ಎಲೆಚುಕ್ಕಿ ರೋಗ ಒಂದು ಅಡಿಕೆ ತೋಟದಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಕೊಳೆರೋಗವಾದರೆ ಬೋರ್ಡೋ ದ್ರಾವಣ ಹೊಡೆದು ಅಭ್ಯಾಸವಿದೆ. ಇದು ಸೋಗೆಯನ್ನೇ ಒಣಗಿಸುವ ಮಾರಿ. ಬೆಳೆಗಾರರ ಸಂಘದಲ್ಲಿ ಅಕ್ಷರ ಸ್ವಲ್ಪ ನೆಟ್ಟಗಿದ್ದವನು ನಾನೆಂದು ಮನವಿ ಬರೆಯುವ ಕೆಲಸ ನನ್ನ ತಲೆಗೆ ಬಂತು.

ಹನ್ನೊಂದು ಬೇಡಿಕೆ ಬರೆದೆ. ಆಮದು ಅಡಿಕೆಯ ಕನಿಷ್ಠ ಬೆಲೆ ಏರಿಸಬೇಕೆಂಬುದೇ ಮೊದಲನೆಯದು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಶಾಸಕರ ಭವನದಲ್ಲಿ ಸ್ನಾನ ಮುಗಿಸಿ, ಮಂತ್ರಿಗೆ ಹಾರ ಹಾಕಿ ಫೋಟೊ ತೆಗೆಸಿಕೊಂಡೆವು. ಮನವಿಯ ಮೇಲೆ 'ಪರಿಶೀಲಿಸಿ ಮಂಡಿಸಿ' ಎಂಬ ಷರಾ ಬಿತ್ತು. ನೋಡಿ ಮತ್ತೆ ನನ್ನ ಮುಂದಿಡಿ ಎಂದಷ್ಟೇ ಅದರ ಅರ್ಥ, ಮಂಜೂರಾತಿಯಲ್ಲ. ನಮಗೆ ಗೊತ್ತಿದ್ದದ್ದು ಅಡಿಕೆ ಮಂಡಿಯೊಂದೇ; ಕೆಲಸ ಆಯಿತೆಂದು ಊರಿನಲ್ಲಿ ಸಿಹಿ ಹಂಚಿದೆವು.

ಮೂರು ತಿಂಗಳ ಬಳಿಕ ಬಹುಮಹಡಿ ಕಟ್ಟಡದಲ್ಲಿ ಆ ಕಾಗದ ಹುಡುಕಿ ಹೋದಾಗ ವಿಷಯ ನಿರ್ವಾಹಕಿಯೊಬ್ಬರು ಹೇಳಿದರು: "ಆಮದು ಬೆಲೆ ದೆಹಲಿಯವರದ್ದು, ಯಜಮಾನರೇ. ನಾಲ್ಕಾರು ಇಲಾಖೆಯ ಬೇಡಿಕೆ ಒಂದೇ ಹಾಳೆಯಲ್ಲಿದ್ದರೆ ನಾನು ಯಾವ ಕಡತಕ್ಕೆ ಸೇರಿಸಲಿ?" 2023ರ ಫೆಬ್ರವರಿಯಲ್ಲಿ ಕೇಂದ್ರ ಆ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ನಮ್ಮ ಮನವಿ ಆಗಲೂ ಬೆಂಗಳೂರಿನ ಕಪಾಟಿನಲ್ಲೇ ಇತ್ತು.

ಎರಡನೆಯ ಸಲ ಬೇಡಿಕೆ ಒಂದೇ. ಔಷಧಿಯ ಸಹಾಯಧನಕ್ಕೆ ಹೋದರೆ ಪಹಣಿ ಕೇಳುತ್ತಾರೆ. ನಮ್ಮ ಕಡೆ ಎಷ್ಟೋ ತೋಟಗಳ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ, ಇಲ್ಲವೇ ಜಂಟಿ ಖಾತೆಯಲ್ಲಿದೆ. ಒಬ್ಬ ಪಾಲುದಾರ ಮುಂಬಯಿಯಲ್ಲಿದ್ದರೆ ಇನ್ನೊಬ್ಬನೊಂದಿಗೆ ಮಾತೇ ಇಲ್ಲ. ಉಳುಮೆ ಮಾಡುತ್ತಿರುವವನ ಸ್ವಯಂ ಘೋಷಣೆ ಸಾಕೆಂದು ಮಾಡಿ, ಅಷ್ಟೇ. ಆದೇಶದಲ್ಲಿ ಸೇರಬೇಕಾದ ಸಾಲನ್ನೂ ನಾವೇ ಬರೆದುಕೊಟ್ಟೆವು. ಪಕ್ಷ ನೋಡದೆ ಜಿಲ್ಲೆಯ ಶಾಸಕರಿಗೆ ಅಧಿವೇಶನಕ್ಕೆ ಮೊದಲೇ ಪ್ರಶ್ನೆಯನ್ನೂ ತಲುಪಿಸಿದೆವು. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿ ಬಾಯಿಮಾತಿನಲ್ಲೇ ಉತ್ತರಿಸಬೇಕಾದ ಪ್ರಶ್ನೆ, ಬಂದರೆ ಇಲಾಖೆ ಉತ್ತರ ಹೊಂದಿಸಲೇಬೇಕು. ಮಲಗಿದ್ದ ಕಡತ ಆಗ ಏಳುತ್ತದೆ. ಮಂತ್ರಿಯ ಷರಾಕ್ಕಿಂತ ನನಗೆ ಇದರ ಮೇಲೆ ನಂಬಿಕೆ ಹೆಚ್ಚು. ಬಜೆಟ್ ಮಂಡನೆಯಾದ ಮೇಲೆ ಹೋಗುವುದು ಬಸ್ ಚಾರ್ಜಿಗೆ ದಂಡ.

ಎಂಬತ್ತರ ದಶಕದಲ್ಲಿ ಅಪ್ಪ ರೈತ ಸಂಘದ ಹಸಿರು ಶಾಲು ಹೊದ್ದು ಶಿವಮೊಗ್ಗದ ರಸ್ತೆಗಿಳಿದಿದ್ದರು. ಸರ್ಕಾರವನ್ನು ಕೇಳುವುದೆಂದರೆ ಅವರಿಗೆ ಅದೇ. ಈಗ ವಿಕಾಸಸೌಧದ ಮೊಗಸಾಲೆಯಲ್ಲಿ ಮೆಕ್ಕೆಜೋಳದವರು, ಖಾಸಗಿ ಶಾಲೆಯವರು, ಕಲ್ಲುಕ್ವಾರಿಯವರು, ಜಾತಿ ಸಂಘದವರು ಸಾಲಾಗಿ ಕುಳಿತಿರುತ್ತಾರೆ. ಅಮೆರಿಕದಲ್ಲಿ ಹೀಗೆ ಇನ್ನೊಬ್ಬರ ಪರ ಸಂಬಳಕ್ಕೆ ಓಡಾಡುವವರು ಹೆಸರು ನೋಂದಾಯಿಸಬೇಕಂತೆ. ನಮ್ಮಲ್ಲಿ ಅಂಥ ಕಾನೂನಿಲ್ಲ, ಪ್ರವೇಶದ ಚೀಟಿ ಇದ್ದರಾಯಿತು.

ಕಳೆದ ಸಲ ಪಕ್ಕದಲ್ಲಿ ಕುಳಿತಿದ್ದವರು ಕೀಟನಾಶಕ ಕಂಪನಿಯೊಂದರ ಪ್ರತಿನಿಧಿ. ಹಾರವಿಲ್ಲ, ಮನವಿಯಿಲ್ಲ, ಕೈಯಲ್ಲೊಂದು ಮೊಬೈಲ್. ನನ್ನ ಕೆಲಸ ಏನೆಂದು ಕೇಳಿ, "ಅದಾ? ಮಂಗಳವಾರವೇ ಆರ್ಥಿಕ ಇಲಾಖೆಗೆ ಹೋಗಿದೆ" ಎಂದರು. ಅವರಿಗೆ ಹೇಗೆ ಗೊತ್ತೆಂದು ನಾನು ಕೇಳಲಿಲ್ಲ. ಕಡತದ ಸಂಖ್ಯೆಯನ್ನು ಅವರ ಪೆನ್ನಿನಲ್ಲೇ ಬರೆದುಕೊಂಡೆ.